ಭಾರಿ ಯಂತ್ರಗಳ ಮೆಕ್ಯಾನಿಕ್ ಆಗಲು ಅಪ್ರೆಂಟಿಸ್‌ಶಿಪ್: ಗ್ಯಾರೇಜೋ, ಗಣಿಯೋ?

ಪ್ರಶ್ನೆ (ಸೇಡಂ ತಾಲ್ಲೂಕಿನ ಸದಸ್ಯ):

ಸರ್, ಶರಣು. ನಾನು ಐಟಿಐಯಲ್ಲಿ ಮೆಕ್ಯಾನಿಕ್ ಡೀಸೆಲ್ ಟ್ರೇಡ್ ಮುಗಿಸಿದ್ದೇನೆ. ನಮ್ಮ ಕಡೆ ಸಿಮೆಂಟ್ ಕಾರ್ಖಾನೆಗಳ ಸುಣ್ಣಕಲ್ಲಿನ ಗಣಿಗಳು ಬಹಳ ಇರುವುದರಿಂದ ಎಕ್ಸ್‌ಕವೇಟರ್, ಡಂಪರ್, ಲೋಡರ್‌ಗಳ ಮೆಕ್ಯಾನಿಕ್ ಆಗಬೇಕೆಂದಿದ್ದೇನೆ. ಪರಿಚಯದ ಮಿಸ್ತ್ರಿಯೊಬ್ಬರು ಕಲಬುರಗಿಯ ತಮ್ಮ ಗ್ಯಾರೇಜಿಗೆ ಬಂದರೆ ತಿಂಗಳಿಗೆ 8,000 ರೂಪಾಯಿ ಕೊಟ್ಟು ಎರಡು ವರ್ಷದಲ್ಲಿ ಎಲ್ಲ ಕಲಿಸುವುದಾಗಿ ಹೇಳುತ್ತಿದ್ದಾರೆ. ಅಪ್ಪ ಮಾತ್ರ ಕಂಪನಿಯ ಅಪ್ರೆಂಟಿಸ್‌ಶಿಪ್ಪಿಗೇ ಅರ್ಜಿ ಹಾಕು ಎನ್ನುತ್ತಾರೆ. ಅಲ್ಲಿ ಹಣವೂ ಕಡಿಮೆ, ಮುಗಿದ ಮೇಲೆ ನೌಕರಿಯೂ ಖಾತ್ರಿ ಇಲ್ಲ ಎಂದು ಗೆಳೆಯರು ಹೆದರಿಸುತ್ತಿದ್ದಾರೆ. ಯಾವ ದಾರಿ ಹಿಡಿಯಲಿ?

ಉತ್ತರ (ಗಣಿ ಯಂತ್ರಗಳ ನಿರ್ವಹಣಾ ವಿಭಾಗದ ಹಿರಿಯ ಮೆಕ್ಯಾನಿಕ್):

ತಮ್ಮಾ, ನಿಮ್ಮ ತಂದೆಯವರ ಮಾತು ಸರಿ. ಹಾಗೆಂದು ಮಿಸ್ತ್ರಿಗಳ ವಿದ್ಯೆಯನ್ನು ನಾನು ಕಡಿಮೆ ಎಣಿಸುವವನಲ್ಲ. ಎಂಜಿನ್ನಿನ ಸದ್ದು ಕೇಳಿಯೇ ಯಾವ ಇಂಜೆಕ್ಟರ್ ಕೆಟ್ಟಿದೆ ಎಂದು ಹೇಳಬಲ್ಲವರು ನಮ್ಮ ಗ್ಯಾರೇಜುಗಳಲ್ಲಿ ಈಗಲೂ ಇದ್ದಾರೆ. ಆದರೆ ಅಲ್ಲಿ ಎರಡು ವರ್ಷ ದುಡಿದರೂ ನಿಮ್ಮ ಕೈಗೆ ಬರುವುದು ವಿದ್ಯೆ ಮಾತ್ರ. ಅದನ್ನು ಇನ್ನೊಂದು ಊರಿನಲ್ಲಿ, ನಿಮ್ಮ ಮುಖಪರಿಚಯವೇ ಇಲ್ಲದ ಅಧಿಕಾರಿಯ ಮುಂದೆ ತೋರಿಸುವ ಕಾಗದ ಬರುವುದಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಕರಾರು ಮಾಡಿಕೊಂಡು, ಆ ಕರಾರು ಕೇಂದ್ರ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್ಲಿನಲ್ಲಿ ನೋಂದಣಿಯಾಗಿ, ಅವಧಿ ಮುಗಿದ ಮೇಲೆ ಅಖಿಲ ಭಾರತ ವೃತ್ತಿ ಪರೀಕ್ಷೆ ಪಾಸಾದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ ಸಿಗುತ್ತದೆ. ಐಟಿಐ ಮುಗಿಸಿದವರಿಗೆ ಈ ಅವಧಿ ಸಾಮಾನ್ಯವಾಗಿ ಒಂದು ವರ್ಷ.

ಹಣದ ವಿಷಯಕ್ಕೆ ಬಂದರೆ, 2019ರಲ್ಲಿ ತಿದ್ದುಪಡಿಯಾದ ನಿಯಮಗಳು ಐಟಿಐ ಪ್ರಮಾಣಪತ್ರ ಇದ್ದವರಿಗೆ ತಿಂಗಳಿಗೆ ಕನಿಷ್ಠ 7,000 ರೂಪಾಯಿ ಶಿಷ್ಯವೇತನ ನಿಗದಿ ಮಾಡಿದವು. ಅದು ಕೆಳಮಿತಿ ಮಾತ್ರ. ಅದಕ್ಕಿಂತ ಹೆಚ್ಚು ಕೊಡುವುದು ಕಂಪನಿಗೆ ಬಿಟ್ಟಿದ್ದು. 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ ಶಿಷ್ಯವೇತನದ ಕಾಲು ಭಾಗವನ್ನು, 1,500 ರೂಪಾಯಿ ಮೀರದಂತೆ, ಕೇಂದ್ರ ಸರ್ಕಾರವೇ ಭರಿಸುತ್ತದೆ. ಮಿಸ್ತ್ರಿಯವರು ಕೊಡುವ 8,000ಕ್ಕೂ ಇದಕ್ಕೂ ಇರುವ ಅಂತರಕ್ಕಾಗಿ ಪ್ರಮಾಣಪತ್ರ ಬಿಡುವುದು ಜಾಣತನವಲ್ಲ. ನೌಕರಿ ಖಾತ್ರಿ ಇಲ್ಲ ಎಂಬ ಗೆಳೆಯರ ಮಾತು ಮಾತ್ರ ನಿಜ. ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ತರಬೇತಿ ಮುಗಿದವರನ್ನು ಕೆಲಸಕ್ಕೆ ತೆಗೆದುಕೊಳ್ಳಲೇಬೇಕೆಂದು ಕಾಯ್ದೆ ಹೇಳುವುದಿಲ್ಲ. ಇದನ್ನು ತಿಳಿದುಕೊಂಡೇ ಒಳಗೆ ಹೋಗಿ.

ಸೇರುವ ಮುನ್ನ ಒಂದು ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಿ: ನನ್ನನ್ನು ಯಾವ ವಿಭಾಗದಲ್ಲಿ ಹಾಕುತ್ತೀರಿ? ಸಿಮೆಂಟ್ ಕಾರ್ಖಾನೆಯ ಅಪ್ರೆಂಟಿಸ್ ಎಂದರೆ ಗಣಿಯ ಯಂತ್ರಗಳ ವರ್ಕ್‌ಶಾಪಿಗೇ ಹೋಗುತ್ತಾನೆಂದೇನಿಲ್ಲ. ಕ್ರಷರ್, ಕನ್ವೇಯರ್, ಕಿಲ್ನ್, ಪ್ಯಾಕಿಂಗ್ ಪ್ಲಾಂಟ್ ಇವುಗಳ ನಿರ್ವಹಣೆಗೂ ಕಳುಹಿಸಬಹುದು. ಅದೂ ಒಳ್ಳೆಯ ಕೆಲಸವೇ, ಆದರೆ ನಿಮಗೆ ಬೇಕಾದದ್ದು ಅದಲ್ಲ. ವಾಡಿ, ಸೇಡಂ, ಚಿತ್ತಾಪುರ, ಚಿಂಚೋಳಿ ಭಾಗದ ಹಲವು ಗಣಿಗಳಲ್ಲಿ ಯಂತ್ರಗಳು ಗುತ್ತಿಗೆದಾರರವು, ರಿಪೇರಿ ತಯಾರಕ ಕಂಪನಿಯ ಡೀಲರನ ಸರ್ವೀಸ್ ತಂಡದ್ದು. ಹಾಗಿರುವಲ್ಲಿ ಡೀಲರನ ಬಳಿ ಅಪ್ರೆಂಟಿಸ್ ಆಗುವುದೇ ಮೇಲು, ಏಕೆಂದರೆ ಹಲವು ಸೈಟುಗಳ ಯಂತ್ರ ನಿಮ್ಮ ಕೈಗೆ ಬರುತ್ತದೆ. ಹೊರಗೆ ಹೋಗಲು ಮನಸ್ಸಿದ್ದರೆ ಯಂತ್ರಗಳನ್ನು ತಯಾರಿಸುವ ಜಾಗಗಳೇ ನಮ್ಮ ರಾಜ್ಯದಲ್ಲಿವೆ: ಬಿಇಎಂಎಲ್ ಕೆಜಿಎಫ್ ಮತ್ತು ಮೈಸೂರಿನಲ್ಲಿ, ಟಾಟಾ ಹಿಟಾಚಿ ಧಾರವಾಡದಲ್ಲಿ. ಆದರೆ ಕಾರ್ಖಾನೆಯಲ್ಲಿ ಜೋಡಣೆ ಕಲಿಯುತ್ತೀರಿ. ಕೆಟ್ಟುನಿಂತ ಯಂತ್ರದ ರೋಗ ಪತ್ತೆ ಹಚ್ಚುವುದನ್ನು ಕಲಿಯಲು ಗಣಿಗೇ ಬರಬೇಕು ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ (ಅದೇ ಸದಸ್ಯ):

ತುಂಬಾ ಉಪಕಾರವಾಯಿತು ಸರ್. ಐಟಿಐಯಲ್ಲಿ ಎಂಜಿನ್ ಬಿಚ್ಚಿ ಜೋಡಿಸಿದ್ದೇನೆ, ಆದರೆ ಹೈಡ್ರಾಲಿಕ್ಸ್ ಹೆಚ್ಚು ಗೊತ್ತಿಲ್ಲ. ಮೊದಲೇ ಏನನ್ನು ಓದಿಕೊಂಡು ಹೋಗಬೇಕು?

ಉತ್ತರ:

ನೀವು ಭಯಪಡಬೇಕಾದದ್ದೂ ಮನಸ್ಸಿಟ್ಟು ಕಲಿಯಬೇಕಾದದ್ದೂ ಹೈಡ್ರಾಲಿಕ್ಸೇ. ಕಾರಿನ ಟೈರಿನಲ್ಲಿ ಗಾಳಿಯ ಒತ್ತಡ ಎರಡು ಬಾರ್ ಚಿಲ್ಲರೆ ಇದ್ದರೆ, 20 ಟನ್ ವರ್ಗದ ಎಕ್ಸ್‌ಕವೇಟರಿನ ಮುಖ್ಯ ಲೈನಿನಲ್ಲಿ ಎಣ್ಣೆಯ ಒತ್ತಡ ಸುಮಾರು 350 ಬಾರ್ ಇರುತ್ತದೆ. ಹೋಸಿನಲ್ಲಿ ಸೂಜಿಮೊನೆಯಷ್ಟು ರಂಧ್ರವಾದರೆ ಹೊರಬರುವ ಎಣ್ಣೆ ಕಣ್ಣಿಗೆ ಕಾಣದಿರಬಹುದು, ಆದರೆ ಚರ್ಮ ತೂರಿ ಮಾಂಸಕ್ಕೆ ಇಳಿಯುತ್ತದೆ. ಮೇಲೆ ಚುಕ್ಕೆಯಂಥ ಗಾಯ ಇದ್ದು ನೋವು ಕಡಿಮೆ ಎನಿಸಿದರೂ ಅದು ತಕ್ಷಣ ಶಸ್ತ್ರಚಿಕಿತ್ಸೆ ಬೇಕಾಗುವ ಪ್ರಕರಣ. ಆದ್ದರಿಂದ ಸೋರಿಕೆಯನ್ನು ಎಂದೂ ಕೈಯಿಂದ ತಡವಬಾರದು, ರಟ್ಟಿನ ತುಂಡು ಹಿಡಿದು ನೋಡಬೇಕು. ಹೋಸ್ ಬಿಚ್ಚುವ ಮೊದಲು ಬಕೆಟ್ಟನ್ನೂ ಬೂಮನ್ನೂ (ಯಂತ್ರದ ಮುಖ್ಯ ತೋಳು) ನೆಲಕ್ಕೆ ಊರಿಸಿ, ಎಂಜಿನ್ ನಿಲ್ಲಿಸಿ, ಕೀ ಆನ್ ಇಟ್ಟು ಲಿವರ್‌ಗಳನ್ನು ಎಲ್ಲ ದಿಕ್ಕಿಗೂ ಆಡಿಸಿ ಉಳಿದ ಒತ್ತಡವನ್ನು ತೆಗೆಯಬೇಕು. ಟ್ಯಾಂಕಿನ ಒತ್ತಡವನ್ನೂ ಬಿಡಬೇಕು. ಆಮೇಲೆ ಕೀಯನ್ನು ತೆಗೆದು ನಿಮ್ಮ ಜೇಬಿನಲ್ಲಿ ಇಟ್ಟುಕೊಳ್ಳಿ. ಆಪರೇಟರ್ ಎಷ್ಟೇ ಆತ್ಮೀಯನಾಗಿರಲಿ, ಕೀ ಅವನ ಕೈಯಲ್ಲಿ ಇರಬಾರದು.

ರೋಗ ಪತ್ತೆಗೆ ಒಂದು ಉದಾಹರಣೆ ಕೊಡುತ್ತೇನೆ. ಬೂಮ್ ನಿಧಾನವಾಗಿ ಏಳುತ್ತಿದೆ ಎಂದು ಆಪರೇಟರ್ ದೂರುತ್ತಾನೆ ಎನ್ನಿ. ಅವಸರದ ಮೆಕ್ಯಾನಿಕ್ ಪಂಪ್ ಹೋಗಿದೆ ಎಂದು ಲಕ್ಷಗಟ್ಟಲೆ ಖರ್ಚಿನ ಪಟ್ಟಿ ಬರೆಯುತ್ತಾನೆ. ಬಲ್ಲವನು ಮೊದಲು ಆರ್ಮ್, ಬಕೆಟ್, ಸ್ವಿಂಗ್, ಟ್ರಾವೆಲ್ ಎಲ್ಲವನ್ನೂ ಆಡಿಸಿ ನೋಡುತ್ತಾನೆ. ಎಲ್ಲವೂ ನಿಧಾನವಾಗಿದ್ದರೆ ದೋಷ ಎಲ್ಲಕ್ಕೂ ಸಮಾನವಾದ ಕಡೆ ಇರುತ್ತದೆ: ಎಂಜಿನ್ನಿನ ಶಕ್ತಿ, ಮುಖ್ಯ ಪಂಪ್, ಲಿವರಿನ ಆಜ್ಞೆಯನ್ನು ವಾಲ್ವಿಗೆ ಮುಟ್ಟಿಸುವ ಸುಮಾರು 40 ಬಾರಿನ ಪೈಲಟ್ ಒತ್ತಡ, ಇಲ್ಲವೇ ಕಟ್ಟಿಕೊಂಡ ಫಿಲ್ಟರ್. ಬೂಮ್ ಒಂದೇ ನಿಧಾನವಾದರೆ ಪಂಪನ್ನು ಮುಟ್ಟುವ ಮೊದಲು ಬೂಮಿನ ಸ್ಪೂಲ್ (ಎಣ್ಣೆಯ ದಾರಿ ಬದಲಿಸುವ ವಾಲ್ವಿನ ಕಡ್ಡಿ), ಅದರ ರಿಲೀಫ್ ವಾಲ್ವ್ (ಮಿತಿಮೀರಿದ ಒತ್ತಡ ಬಿಡುವ ವಾಲ್ವ್), ಅದರ ಪೈಲಟ್ ಲೈನ್, ಸಿಲಿಂಡರಿನ ಸೀಲ್ ಇವನ್ನು ನೋಡಬೇಕು. ಎತ್ತಿ ನಿಲ್ಲಿಸಿದ ಬೂಮ್ ತಾನಾಗಿ ಇಳಿಯುತ್ತಿದ್ದರೆ ಅನುಮಾನ ಸೀಲಿನ ಮೇಲೆ ಮತ್ತು ಬೂಮನ್ನು ಎತ್ತಿದಲ್ಲೇ ಹಿಡಿದಿಡುವ ಹೋಲ್ಡಿಂಗ್ ವಾಲ್ವಿನ ಮೇಲೆ. ಒತ್ತಡದ ಗೇಜ್ ಹಚ್ಚಿ ಅಳೆದ ಮೇಲೆಯೇ ಪಾನಾ ಕೈಗೆ ಬರಬೇಕು.

ಇನ್ನೊಂದು, ಶುಚಿತ್ವ. ನಮ್ಮ ಬೇಸಿಗೆಯಲ್ಲಿ ಸುಣ್ಣಕಲ್ಲಿನ ಪುಡಿ ಹಾರುತ್ತಲೇ ಇರುತ್ತದೆ. ಹೋಸ್ ಬಿಚ್ಚಿ ಬಾಯಿಗೆ ಪ್ಲಗ್ ಹಾಕದೆ ಚಹಾಕ್ಕೆ ಹೋದರೆ ಆ ಪುಡಿ ನೇರವಾಗಿ ಪಂಪಿನ ಒಳಗೆ ಸೇರಿ, ಕೂದಲೆಳೆಗಿಂತ ಕಡಿಮೆ ಅಂತರವಿಟ್ಟು ಕೂಡಿಸಿದ ಭಾಗಗಳನ್ನು ಉಜ್ಜಿಹಾಕುತ್ತದೆ.

ವಿದ್ಯುತ್ತಿನ ಪಾಠವನ್ನೂ ಬಿಡಬೇಡಿ. ಬ್ಯಾಕ್‌ಹೋ ಲೋಡರಿನಂಥ ಚಕ್ರದ ನಿರ್ಮಾಣ ಯಂತ್ರಗಳಿಗೆ 2021ರ ಏಪ್ರಿಲ್‌ನಿಂದ ಹೊಗೆ ನಿಯಮಗಳು ಬಿಗಿಯಾದ ಮೇಲೆ ಎಂಜಿನ್ನುಗಳಿಗೆ ಸೆನ್ಸರ್, ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಘಟಕ) ಸಹಜವಾಗಿವೆ. ಮಲ್ಟಿಮೀಟರ್ ಹಿಡಿಯಲು ಬಾರದ ಡೀಸೆಲ್ ಮೆಕ್ಯಾನಿಕ್ಕಿಗೆ ಇಂದು ಅರ್ಧ ಕೆಲಸ ಮಾತ್ರ ಸಿಗುತ್ತದೆ.

ಪ್ರಶ್ನೆ (ಯಾದಗಿರಿಯಿಂದ):

ಸರ್, ನಾನು ಹಲವು ವರ್ಷಗಳಿಂದ ಜೆಸಿಬಿ ರಿಪೇರಿ ಮಾಡುತ್ತಿದ್ದೇನೆ. ಓದಿದ್ದು ಎಂಟನೇ ತರಗತಿ. ಈ ವಯಸ್ಸಿನಲ್ಲಿ, ಸಂಸಾರ ಇಟ್ಟುಕೊಂಡು ಅಪ್ರೆಂಟಿಸ್ ಆಗಲು ಸಾಧ್ಯವಿಲ್ಲ. ನನಗೆ ಪ್ರಮಾಣಪತ್ರದ ದಾರಿ ಇದೆಯೇ?

ಉತ್ತರ:

ಅಣ್ಣಾವ್ರೇ, ಇದೆ. ನಿಮ್ಮಂಥವರಿಗಾಗಿಯೇ ಪೂರ್ವ ಕಲಿಕೆಯ ಮಾನ್ಯತೆ ಎಂಬ ವ್ಯವಸ್ಥೆ ಇದ್ದು, ಅದನ್ನು ಆರ್‌ಪಿಎಲ್ ಎಂದೇ ಎಲ್ಲರೂ ಕರೆಯುತ್ತಾರೆ. ಹೊಸದಾಗಿ ವರ್ಷಗಟ್ಟಲೆ ತರಬೇತಿ ಪಡೆಯದೆ, ಸ್ವಲ್ಪ ಪರಿಚಯ ತರಗತಿಯ ಬಳಿಕ ನಿಮ್ಮ ಕೈಕೆಲಸವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತಾರೆ. ನಿರ್ಮಾಣ ಯಂತ್ರಗಳ ಆಪರೇಟರ್ ಮತ್ತು ಮೆಕ್ಯಾನಿಕ್ ಕೆಲಸಗಳ ಮಾನದಂಡ ರೂಪಿಸಲು ಇನ್‌ಫ್ರಾಸ್ಟ್ರಕ್ಚರ್ ಇಕ್ವಿಪ್‌ಮೆಂಟ್ ಸ್ಕಿಲ್ ಕೌನ್ಸಿಲ್ ಎಂಬ ಪ್ರತ್ಯೇಕ ಮಂಡಳಿ ಇದೆ. ನಿಮ್ಮ ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಯಲ್ಲಿ ಮೆಕ್ಯಾನಿಕ್ ಕೆಲಸಕ್ಕೇ ಆರ್‌ಪಿಎಲ್ ಬೇಕೆಂದು ಬಿಡಿಸಿ ಹೇಳಿ. ಇಲ್ಲದಿದ್ದರೆ ಆಪರೇಟರ್ ಪಟ್ಟಿಗೆ ಸೇರಿಸಿಬಿಡುವುದುಂಟು. ಇದು ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರಕ್ಕೆ ಸಮವಲ್ಲ, ಆದರೆ ಕಾಗದವೇ ಇಲ್ಲದ್ದಕ್ಕಿಂತ ಎಷ್ಟೋ ವಾಸಿ.

ಪ್ರಶ್ನೆ (ಬೀದರಿನಿಂದ):

ನನ್ನ ಮಗಳು ಐಟಿಐ ಫಿಟ್ಟರ್ ಓದುತ್ತಿದ್ದಾಳೆ. ಅವಳೂ ಇದೇ ಕೆಲಸಕ್ಕೆ ಹೋಗುತ್ತೇನೆ ಎನ್ನುತ್ತಾಳೆ. ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುತ್ತಾರೆಯೇ? ಗಾಯವಾದರೆ ಯಾರು ಹೊಣೆ?

ಉತ್ತರ:

ಕಾಯ್ದೆಯಲ್ಲಿ ತಡೆಯಿಲ್ಲ. ಇಂದು ಭಾರವನ್ನು ಎತ್ತುವುದು ಕ್ರೇನ್, ಚೈನ್ ಪುಲ್ಲಿ, ಜ್ಯಾಕ್. ಮನುಷ್ಯನ ಬೆನ್ನಿನಿಂದ ಎತ್ತಿಸುವ ವರ್ಕ್‌ಶಾಪ್ ಗಂಡುಮಕ್ಕಳಿಗೂ ಯೋಗ್ಯವಲ್ಲ. ಫಿಟ್ಟರ್ ಓದಿದವರ ಅಳತೆಯ ಕೈ ಎಂಜಿನ್ ಮತ್ತು ಹೈಡ್ರಾಲಿಕ್ ಪಂಪಿನ ಓವರ್‌ಹಾಲಿಂಗ್‌ಗೆ ಬಹಳ ಉಪಯೋಗಕ್ಕೆ ಬರುತ್ತದೆ, ಆದ್ದರಿಂದ ಅವಳು ಆ ವಿಭಾಗವನ್ನೇ ಕೇಳಲಿ. ನೀವು ಮುಂಚೆ ಹೋಗಿ ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಊರಿನಿಂದ ಕರೆತರುವ ಬಸ್ಸು ಇವೆಯೇ ಎಂದು ಕಣ್ಣಾರೆ ನೋಡಿಬನ್ನಿ.

ನೋಂದಣಿಯಾದ ಅಪ್ರೆಂಟಿಸ್‌ಗೆ ತರಬೇತಿಯ ವೇಳೆ ಗಾಯವಾದರೆ ಪರಿಹಾರದ ಹೊಣೆ ಮಾಲೀಕರದು ಎಂದು ಅಪ್ರೆಂಟಿಸ್ ಕಾಯ್ದೆಯೇ ಹೇಳುತ್ತದೆ. ಕಾಯ್ದೆಯಡಿ ಸರ್ಕಾರ ನೇಮಿಸುವ ಅಪ್ರೆಂಟಿಸ್ ಸಲಹೆಗಾರರ ಒಪ್ಪಿಗೆ ಇಲ್ಲದೆ ಓವರ್‌ಟೈಮ್ ಮಾಡಿಸುವಂತೆಯೂ ಇಲ್ಲ. ಇವೆರಡೂ ಕರಾರಿನ ಬಲದಿಂದ ಬರುವ ರಕ್ಷಣೆಗಳಾದ ಕಾರಣ, ಸೇರಿದ ಮೊದಲ ತಿಂಗಳಲ್ಲೇ ಪೋರ್ಟಲ್ಲಿನ ಅವಳ ಖಾತೆಗೆ ಲಾಗಿನ್ ಆಗಿ ಕರಾರು ನೋಂದಣಿಯಾಗಿದೆಯೇ, ಟ್ರೇಡಿನ ಹೆಸರೂ ತಾರೀಖುಗಳೂ ಸರಿ ಇವೆಯೇ ಎಂದು ನೋಡಿ, ಒಂದು ಪ್ರತಿ ಮನೆಯಲ್ಲಿ ಇಟ್ಟುಕೊಳ್ಳಿ. ಪ್ರಕ್ರಿಯೆಯಲ್ಲಿದೆ ಎಂದು ತಿಂಗಳುಗಟ್ಟಲೆ ಮುಂದೂಡುತ್ತಿದ್ದರೆ ಅಪ್ರೆಂಟಿಸ್ ಸಲಹೆಗಾರರ ಕಚೇರಿಗೆ ಬರವಣಿಗೆಯಲ್ಲಿ ದೂರು ಕೊಡಿ.