ಪದ ಬೇಕು: ಪೊಲೀಸರದ್ದೂ ನಿಗಾ, ಕೌನ್ಸಿಲ್‌ನದ್ದೂ ನಿಗಾ ಅಂದರೆ ಹೇಗೆ?

ಕ್ಯಾಲಿಫೋರ್ನಿಯಾದಿಂದ:
ಎಲ್ಲರಿಗೂ ನಮಸ್ಕಾರ. ಮಂಗಳವಾರದೊಳಗೆ ಎರಡು ಪದ ಬೇಕು. ನಮ್ಮೂರ ಪೊಲೀಸರು ರಸ್ತೆಬದಿ ಕಂಬಗಳಿಗೆ ನಂಬರ್ ಪ್ಲೇಟ್ ಓದುವ ಕ್ಯಾಮರಾ ಹಾಕಬೇಕು ಅಂತಿದ್ದಾರೆ. 2015ರಲ್ಲಿ ಇಲ್ಲಿ ಆದ ಕಾನೂನಿನ ಪ್ರಕಾರ ಅದಕ್ಕೆ ಮೊದಲು ಸಭೆಯಲ್ಲಿ ಜನರ ಮಾತು ಕೇಳಲೇಬೇಕು. ಇಲ್ಲಿನ ಕನ್ನಡದವರಿಗೆ, ಅದರಲ್ಲೂ ಮಕ್ಕಳ ಮನೆಯಲ್ಲಿರುವ ಹಿರಿಯರಿಗೆ ಹಂಚಲು ಕರಪತ್ರ ಬರೆಯುತ್ತಿದ್ದೇನೆ. ಪೊಲೀಸರು ಜನರನ್ನು ನೋಡುವ ಸರ್ವೆಲೆನ್ಸ್‌ಗೂ ನಿಗಾ, ಸಿಟಿ ಕೌನ್ಸಿಲ್ (ಇಲ್ಲಿನ ನಗರಸಭೆ) ಪೊಲೀಸರನ್ನು ನೋಡುವ ಓವರ್‌ಸೈಟ್‌ಗೂ ನಿಗಾ ಅಂತ ಹಾಕಿದರೆ ಯಾರು ಯಾರನ್ನು ನೋಡುತ್ತಿದ್ದಾರೆ ಅಂತಲೇ ಗೊತ್ತಾಗುವುದಿಲ್ಲ. ಇನ್ನೊಂದು, ಪ್ರೈವೆಸಿಗೆ ಗೌಪ್ಯತೆ ಅನ್ನಲೋ, ಖಾಸಗಿತನ ಅನ್ನಲೋ?

ಧಾರವಾಡದಿಂದ:
‘ನಿಗಾ’ ಪಾರಸಿ. ‘ಖಾಸಗಿ’ಯೂ ಹೊರಗಿನದೇ. ಎರಡೂ ಬೇಡ. ಕಣ್ಣು, ಕಾವಲು ನಮ್ಮವು. ಆದೇಶ ಸಂಧಿಯಾಗಿ ‘ಕಣ್ಗಾವಲು’ ಸಿದ್ಧವಾಗಿಯೇ ಇದೆ, ಪೊಲೀಸರದ್ದಕ್ಕೆ ಅದನ್ನು ಹಾಕಿ. ಕೌನ್ಸಿಲ್‌ನದ್ದು ‘ಮೇಲ್ನೋಟ’. ಪ್ರೈವೆಸಿಗೆ ‘ತನ್ನತನ’.

ಮೈಸೂರಿನಿಂದ:
ಕಣ್ಗಾವಲು ಸರಿ. ಮಿಕ್ಕಿದ್ದು ಆಗದ ಮಾತು. ‘ಮೇಲ್ನೋಟಕ್ಕೆ ಚೆನ್ನಾಗಿದೆ’ ಅಂತ ದಿನಾ ಹೇಳುವ ಜನಕ್ಕೆ, ಕೌನ್ಸಿಲ್ ಸುಮ್ನೆ ಕಣ್ಣಾಡಿಸಿ ಬಿಟ್ಟುಬಿಡುತ್ತದೆ ಅಂತಲೇ ಅನಿಸುತ್ತದೆ. ತನ್ನತನ ಬೇರೆಯೇ ಸಂಗತಿ. ಗೌಪ್ಯತೆಯೂ ಬೇಡ. ಮಂತ್ರಿಗಳು ಗೌಪ್ಯತೆಯ ಪ್ರಮಾಣ ಮಾಡುವುದು ಸರ್ಕಾರದ ಗುಟ್ಟು ಕಾಯಲು. ಇಲ್ಲಿ ಗುಟ್ಟೇನಿದೆ? ನಂಬರ್ ಪ್ಲೇಟ್ ಬೀದಿಯಲ್ಲಿ ಎಲ್ಲರಿಗೂ ಕಾಣುತ್ತದೆ. ಆದರೆ ನಿಮ್ಮ ಕಾರು ಯಾವ ಆಸ್ಪತ್ರೆಗೆ, ಯಾವ ಗುಡಿಗೆ, ಯಾರ ಮನೆಗೆ ಎಷ್ಟು ಹೊತ್ತಿಗೆ ಹೋಯಿತು ಅಂತ ತಿಂಗಳುಗಟ್ಟಲೆ ಜೋಡಿಸಿಟ್ಟರೆ ಹೋಗುವುದು ಖಾಸಗಿತನ. 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಅದನ್ನು ಮೂಲಭೂತ ಹಕ್ಕು ಅಂದರು. ಆ ಅರ್ಜಿ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಪತ್ರಿಕೆಗಳಲ್ಲಿ ‘ಖಾಸಗಿತನದ ಹಕ್ಕು’ ಆಗಲೇ ನೆಲೆ ನಿಂತಿದೆ. ಓವರ್‌ಸೈಟ್‌ಗೆ ‘ಉಸ್ತುವಾರಿ’ ಸಾಕು.

ಧಾರವಾಡದಿಂದ:
ಪತ್ರಿಕೆಯವರು ಬರೆದದ್ದೆಲ್ಲ ಕನ್ನಡವಾಗುವುದಿಲ್ಲ. ಇದ್ದ ಪದ ಬಿಟ್ಟು ಎರವಲು ತರುವುದು ಸೋಮಾರಿತನ.

ಮೈಸೂರಿನಿಂದ:
ಸರ್ಕಾರ, ಕಚೇರಿ, ವಕೀಲ, ಜಮೀನು ಎಲ್ಲ ತೆಗೆದುಹಾಕಿ ಒಂದು ಅರ್ಜಿ ಬರೆದು ತೋರಿಸಿ, ಆಮೇಲೆ ಮಾತಾಡೋಣ. ‘ಅರ್ಜಿ’ಯನ್ನೂ ತೆಗೆಯಬೇಕಲ್ವಾ!

ಬೆಂಗಳೂರಿನಿಂದ:
ಇಬ್ಬರೂ ಸ್ವಲ್ಪ ನಿಲ್ಲಿಸಿ, ಅವರಿಗೆ ಮಂಗಳವಾರ ಕೆಲಸ ಇದೆ. ‘ಉಸ್ತುವಾರಿ’ಗೆ ನನ್ನ ತಕರಾರು ಬೇರೆ. ಜಿಲ್ಲಾ ಉಸ್ತುವಾರಿ ಸಚಿವರು ಅಂದರೆ ಜಿಲ್ಲೆಯ ಕೆಲಸ ಮಾಡಿಸುವವರು. ಕೌನ್ಸಿಲ್ ಉಸ್ತುವಾರಿ ಅಂದರೆ ಕ್ಯಾಮರಾ ನಡೆಸುವುದೇ ಕೌನ್ಸಿಲ್ ಅಂತ ಹಿರಿಯರು ಓದಿಕೊಳ್ಳುತ್ತಾರೆ. ನಿಮ್ಮ ರಾಜ್ಯದ್ದೇ ಊರು ಓಕ್ಲೆಂಡ್‌ನಲ್ಲಿ 2016ರಿಂದ ನಾಗರಿಕರ ಪ್ರೈವೆಸಿ ಕಮಿಷನ್ ಇದೆಯಲ್ಲ, ಅದು ಒಂದು ಕ್ಯಾಮರಾವನ್ನೂ ನಡೆಸುವುದಿಲ್ಲ. ಪೊಲೀಸರು ಬರೆದ ನಿಯಮ ಓದಿ, ಪ್ರಶ್ನೆ ಕೇಳಿ, ಕೌನ್ಸಿಲ್‌ಗೆ ಸಲಹೆ ಕೊಡುತ್ತದೆ. ಹಾಗಾಗಿ ‘ಲೆಕ್ಕ ಕೇಳುವುದು’ ಅನ್ನಿ. ನಾಮಪದವೇ ಬೇಕು ಅಂತ ಯಾರು ಹಠ ಹಿಡಿದಿದ್ದಾರೆ? ಎಷ್ಟು ಫೋಟೋ ಇದೆ, ಎಷ್ಟು ದಿನ ಇಡುತ್ತೀರಿ, ಯಾರು ಹುಡುಕಿದರು, ಬೇರೆ ರಾಜ್ಯದವರಿಗೆ ಕೊಟ್ಟಿರಾ ಅಂತ ಕೇಳುವುದು ಲೆಕ್ಕವೇ ಅಲ್ವಾ?

ಕ್ಯಾಲಿಫೋರ್ನಿಯಾದಿಂದ:
ಇದು ಬೇಕಿತ್ತು, ತುಂಬಾ ಥ್ಯಾಂಕ್ಸ್. ಲೆಕ್ಕಕ್ಕೆ ಅಂಕಿಯೂ ಇದೆ. ಲಾಸ್ ಏಂಜಲೀಸ್ ಪೊಲೀಸರು ಕೂಡಿಟ್ಟಿದ್ದ 32 ಕೋಟಿ ಫೋಟೋಗಳಲ್ಲಿ ಶೇ 99.9ರಷ್ಟು, ತೆಗೆದಾಗ ಯಾವ ಹುಡುಕುವ ಪಟ್ಟಿಯಲ್ಲೂ ಇಲ್ಲದ ಗಾಡಿಗಳದ್ದು ಅಂತ ರಾಜ್ಯದ ಆಡಿಟರ್ 2020ರಲ್ಲಿ ವರದಿ ಕೊಟ್ಟರು. ಪಟ್ಟಿಗೆ ತಾಳೆಯಾಗದ ನಂಬರನ್ನು 3 ನಿಮಿಷದಲ್ಲಿ ಅಳಿಸಬೇಕು ಅಂತ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಕಾನೂನೇ ಇದೆ. ಅಲ್ಲಿ ಆಗುವುದು ಇಲ್ಲೇಕೆ ಆಗಬಾರದು?

ಕರಪತ್ರದ ತಲೆಬರಹ ಹೀಗಿಡುತ್ತೇನೆ: ‘ಪೊಲೀಸರ ಕಣ್ಗಾವಲು ನಮ್ಮ ಖಾಸಗಿತನ ಕಸಿಯದಿರಲಿ. ಕ್ಯಾಮರಾ ಹಾಕುವ ಮೊದಲೂ, ಹಾಕಿದ ಮೇಲೂ ಕೌನ್ಸಿಲ್ ಲೆಕ್ಕ ಕೇಳಲಿ.’ ತಪ್ಪಿದ್ದರೆ ಸೋಮವಾರ ರಾತ್ರಿಯೊಳಗೆ ಹೇಳಿ, ಆಮೇಲೆ ಪ್ರಿಂಟಿಗೆ ಹೋಗುತ್ತದೆ.