ಸಹಾಯ ಬೇಕು: ಎತ್ತಿನ ಗಾಡಿಗೆ ಚಾರ್ಜ್ ಎಲ್ಲಿ ಹಾಕ್ತಾರೆ?

ಎಲ್ಲರಿಗೂ ನಮಸ್ಕಾರ. ಮಲ್ಲೇಶ್ವರದ ಹತ್ತಿರ ಯುಕೆಜಿ ಮಕ್ಕಳಿಗೆ ಪಾಠ ಮಾಡುತ್ತೇನೆ. ಈ ವಾರ ‘ಅಂದಿನ ಪ್ರಯಾಣ, ಇಂದಿನ ಪ್ರಯಾಣ’ ಶುರು ಮಾಡಿದೆ. ಚಾರ್ಟಿನಲ್ಲಿ ಎತ್ತಿನ ಗಾಡಿ ನೋಡಿ ಒಬ್ಬ ಪುಟ್ಟ, "ಮಿಸ್, ಇದಕ್ಕೆ ಚಾರ್ಜ್ ಎಲ್ಲಿ ಹಾಕ್ತಾರೆ?" ಅಂದ! ನಗು ಬಂತು. ಆದರೆ ತಪ್ಪು ಅವನದಲ್ಲ, ಅವನು ಹುಟ್ಟಿದ್ದೇ ಮೆಟ್ರೋ ಬಂದ ಮೇಲೆ.

ಬೆಂಗಳೂರಿಗೆ ರೈಲು ಬಂದಿದ್ದು 1864ರಲ್ಲಿ, ನಮ್ಮ ಮೆಟ್ರೋ ಶುರುವಾಗಿದ್ದು 2011ರಲ್ಲಿ. ಐದು ವರ್ಷದ ಮಕ್ಕಳಿಗೆ ಇಸವಿ ಹೇಳಿ ಏನು ಪ್ರಯೋಜನ, ಅಲ್ವಾ? ಅದಕ್ಕೇ ಕುಂಟಾಬಿಲ್ಲೆ ತರಹ ಸೀಮೆಸುಣ್ಣದಲ್ಲಿ ನಾಲ್ಕು ಮನೆ ಬರೆಯೋಣ ಅಂದುಕೊಂಡಿದ್ದೇನೆ: ನಾನು, ಅಮ್ಮ, ಅಜ್ಜಿ, ಅಜ್ಜಿಯ ಅಜ್ಜಿ. ಯಾರು ಯಾವುದರಲ್ಲಿ ಹೋಗುತ್ತಿದ್ದರು ಅಂತ ಮಕ್ಕಳೇ ಗೊಂಬೆ ಇಡಬೇಕು.

ಗೊಂಬೆಗಳೇ ಸಾಲುತ್ತಿಲ್ಲ. ಬಸ್ಸು, ಕಾರು ಬೇಕಾದಷ್ಟಿವೆ. ದಸರಾ ಬೊಂಬೆ ಪೆಟ್ಟಿಗೆಯಲ್ಲಿ ಎತ್ತಿನ ಗಾಡಿ, ಜಟಕಾ, ಉಗಿಬಂಡಿ ಇದ್ದರೆ ಎರಡು ದಿನಕ್ಕೆ ಕೊಡುತ್ತೀರಾ? ಜೋಪಾನವಾಗಿ ವಾಪಸ್ ತಂದುಕೊಡುತ್ತೇನೆ. ಹಳೇ ರಟ್ಟಿನ ರೈಲು ಟಿಕೆಟ್ ಇದ್ದರಂತೂ ತುಂಬಾ ಖುಷಿ.

ಜಟಕಾದಲ್ಲಿ ಓಡಾಡಿದ ಅಜ್ಜ ಅಜ್ಜಿ ಯಾರಾದರೂ ಗುರುವಾರ ಬೆಳಿಗ್ಗೆ ಅರ್ಧ ಗಂಟೆ ಬಂದು ಕಥೆ ಹೇಳಿದರೆ ಇನ್ನೂ ಒಳ್ಳೆಯದು. ಕಾಫಿ ನನ್ನ ಲೆಕ್ಕ. ಚಾರ್ಜಿನ ಪ್ರಶ್ನೆಗೆ ಮಾತ್ರ ಉತ್ತರ ರೆಡಿ ಮಾಡಿಕೊಂಡು ಬನ್ನಿ!