ಗ್ಲಾಕ್ 19 ಎಂಒಎಸ್: ಪ್ಲೇಟ್ ಕೂರಿಸಿದ ಮೇಲೆ ಕೇಸ್ ಹೊರಬರುತ್ತಿಲ್ಲ, ಝೀರೋ ಕೂಡ ನಿಲ್ಲುತ್ತಿಲ್ಲ

ಡಲ್ಲಾಸ್_ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ಗ್ಲಾಕ್ 19 ಜೆನ್ 5 ಎಂಒಎಸ್ ಪಿಸ್ತೂಲಿಗೆ (ಸ್ಲೈಡ್ ಮೇಲೆ ಪ್ಲೇಟ್ ಹಾಕಿ ಆಪ್ಟಿಕ್ ಕೂರಿಸಬಹುದಾದ ಮಾದರಿ) ಹೊರಗಿನ ಕಂಪನಿಯ ಸ್ಟೀಲ್ ಪ್ಲೇಟ್ ಹಾಕಿ, ಅದರ ಮೇಲೆ ಹೋಲೋಸನ್ 507ಸಿ ರೆಡ್ ಡಾಟ್ ಆಪ್ಟಿಕ್ ಕೂರಿಸಿದ್ದೇನೆ. ಈಗ ಹಾರಿದ ಗುಂಡಿನ ಖಾಲಿ ಕೇಸ್ (ಕವಚ) ಆಗಾಗ ಚೇಂಬರ್‌ನಲ್ಲೇ ಉಳಿಯುತ್ತಿದೆ, ಮೊದಲು ಹೀಗಾಗುತ್ತಿರಲಿಲ್ಲ. ಎರಡು ಬಾಕ್ಸ್ ಗುಂಡು ಮುಗಿಯುವಷ್ಟರಲ್ಲಿ ಝೀರೋ (ಗುರಿಯ ಹೊಂದಾಣಿಕೆ) ಕೂಡ ಎಡಕ್ಕೆ ಸರಿದಿರುತ್ತದೆ. ಪ್ಲೇಟ್ ಜೊತೆ ಎರಡು ಬೇರೆ ಬೇರೆ ಉದ್ದದ ಸ್ಕ್ರೂಗಳು ಬಂದಿದ್ದವು, ಉದ್ದದ್ದನ್ನೇ ಹಾಕಿ ಕೈಅಂದಾಜಿನಲ್ಲಿ ಬಿಗಿದಿದ್ದೇನೆ. ಲೋಕ್‌ಟೈಟ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿಲ್ಲ. ತಪ್ಪು ಎಲ್ಲಿದೆ?

ಸ್ಲೈಡ್_ಮೇಷ್ಟ್ರು:
ಎರಡೂ ತೊಂದರೆಗೆ ಸ್ಕ್ರೂಗಳೇ ಮೂಲ, ಆದರೆ ಕಾರಣ ಬೇರೆ ಬೇರೆ.

ಮೊದಲು ಕೇಸ್ ವಿಷಯ. ಸ್ಲೈಡ್‌ನ ಬಲಗಡೆಯ ಸ್ಕ್ರೂ ತೂತಿನ ಕೆಳಗೇ ಎಕ್ಸ್‌ಟ್ರಾಕ್ಟರ್ (ಕೇಸನ್ನು ಹೊರಗೆಳೆಯುವ ಕೊಕ್ಕೆ) ಪ್ಲಂಜರ್, ಅಂದರೆ ಅದಕ್ಕೆ ಸ್ಪ್ರಿಂಗ್ ಬಲ ಕೊಡುವ ಕಡ್ಡಿ, ಓಡಾಡುವ ಕೊಳವೆಯಿದೆ. ಸ್ಕ್ರೂ ಅರ್ಧ ಮಿಲಿಮೀಟರ್ ಹೆಚ್ಚು ಇಳಿದರೂ ತುದಿ ಆ ಪ್ಲಂಜರನ್ನು ಒತ್ತಿಹಿಡಿಯಬಹುದು. ಆಗ ಎಕ್ಸ್‌ಟ್ರಾಕ್ಟರ್‌ಗೆ ಸ್ಪ್ರಿಂಗ್ ಬಲ ಸರಿಯಾಗಿ ಸಿಗುವುದಿಲ್ಲ, ಕೇಸ್‌ನ ಅಂಚಿನ ಮೇಲೆ ಹಿಡಿತ ತಪ್ಪುತ್ತದೆ.

ಪರೀಕ್ಷೆ ಹೀಗೆ. ಮ್ಯಾಗಜೀನ್ ತೆಗೆಯಿರಿ, ಚೇಂಬರ್ ಖಾಲಿಯಿದೆಯೇ ಎಂದು ಕಣ್ಣಲ್ಲೂ ಬೆರಳಲ್ಲೂ ನೋಡಿ, ಗುಂಡುಗಳನ್ನು ಆ ಕೋಣೆಯಿಂದಲೇ ಹೊರಗಿಡಿ. ಸ್ಲೈಡ್ ಬಿಚ್ಚಿ, ಹಿಂಭಾಗದ ಕವರ್ ಪ್ಲೇಟ್ ಜಾರಿಸಿ, ಸ್ಟ್ರೈಕರನ್ನೂ ಪ್ಲಂಜರನ್ನೂ ಹೊರಗೆ ತೆಗೆಯಿರಿ. ಬಲ ಸ್ಕ್ರೂವನ್ನು ಪೂರ್ತಿ ಬಿಗಿದಿಟ್ಟು ಕೊಳವೆಯೊಳಗೆ ಟಾರ್ಚ್ ಬಿಡಿ. ಸ್ಕ್ರೂ ತುದಿ ಕಂಡರೆ ಅದೇ ಕಾರಣ. ಪ್ಲಂಜರನ್ನು ಮತ್ತೆ ಹಾಕಿದಾಗ ಸ್ಲೈಡ್ ಓರೆ ಮಾಡಿದರೆ ಅದು ತಾನಾಗಿ ಜಾರಬೇಕು.

ಗಿಡ್ಡ ಸ್ಕ್ರೂ ಹಾಕಿ ನೋಡಿ. ಅದು ತೀರಾ ಗಿಡ್ಡವಾಗಿದ್ದರೆ ಉದ್ದದ್ದನ್ನು ಅರದಿಂದ ಉಜ್ಜಿ ಸವೆಸಬಹುದು. ಉಜ್ಜುವ ಮೊದಲು ಸ್ಕ್ರೂಗೆ ಒಂದು ನಟ್ ಹಾಕಿಕೊಳ್ಳಿ, ಆಮೇಲೆ ಅದನ್ನು ಬಿಚ್ಚುವಾಗ ಕೆಟ್ಟ ಥ್ರೆಡ್ ನೇರವಾಗುತ್ತದೆ. ಸವೆಸುವ ಭರದಲ್ಲಿ ಹಿಡಿತ ಕಳೆಯಬೇಡಿ: ಬಿಗಿಯಾಗುವ ಮುಂಚೆ ಕನಿಷ್ಠ ನಾಲ್ಕು ಸುತ್ತು ಒಳಗೆ ಹೋಗಲೇಬೇಕು.

ಟಾರ್ಕ್_ಫೀನಿಕ್ಸ್:
ಮೇಷ್ಟ್ರು ಹೇಳಿದ್ದು ಸರಿ. ಝೀರೋ ಸರಿಯುವುದರ ಬಗ್ಗೆ ನಾನು ಹೇಳುತ್ತೇನೆ.

ಗುಂಡು ಹಾರಿದಾಗಲೆಲ್ಲ ಸ್ಲೈಡ್ ಹಿಂದಕ್ಕೆ ಹೊಡೆದು ಮತ್ತೆ ಮುಂದಕ್ಕೆ ಬಡಿಯುತ್ತದೆ. ಆ ಹೊಡೆತವನ್ನು ಪ್ಲೇಟ್‌ನ ಅಂಚು ಮತ್ತು ಮೇಲಿನ ಉಬ್ಬುಗಳು ತಡೆಯಬೇಕು, ಸ್ಕ್ರೂ ಅಲ್ಲ. ಸ್ಕ್ರೂ ಹಾಕದೆ ಪ್ಲೇಟ್ ಕೂರಿಸಿ ಬೆರಳಲ್ಲಿ ಅಲುಗಾಡಿಸಿ ನೋಡಿ. ಹಿಂದೆ ಮುಂದೆ ಆಡಿದರೆ ಎಷ್ಟು ಬಿಗಿದರೂ ಪ್ರಯೋಜನವಿಲ್ಲ, ಪ್ಲೇಟನ್ನೇ ಬದಲಾಯಿಸಿ.

ಪ್ಲೇಟ್ ಆಡದಿದ್ದರೆ ತೂತು, ಸ್ಕ್ರೂ ಎರಡನ್ನೂ 90 ಪರ್ಸೆಂಟ್‌ಗಿಂತ ಹೆಚ್ಚಿನ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ಒಣಗಿಸಿ. ಕಾರ್ಖಾನೆಯ ಎಣ್ಣೆ ಉಳಿದಿದ್ದರೆ ಲೋಕ್‌ಟೈಟ್ ಸರಿಯಾಗಿ ಹಿಡಿಯುವುದಿಲ್ಲ. ನೀಲಿ 243 ಸಾಕು, ಕೆಂಪು ಬೇಡವೇ ಬೇಡ. ಸ್ಕ್ರೂನ ಕೆಳಗಿನ ಮೂರನೇ ಒಂದು ಭಾಗಕ್ಕೆ ಮಾತ್ರ ಸವರಿ. ಬಲಗಡೆಯ ತೂತಿಗೆ ನೇರವಾಗಿ ಹನಿ ಬಿಟ್ಟರೆ ಅದು ಕೊಳವೆಗಿಳಿದು ಪ್ಲಂಜರನ್ನೇ ಅಂಟಿಸಿಬಿಡುತ್ತದೆ.

ಪ್ಲೇಟ್‌ನವರು ಕೊಟ್ಟ ಟಾರ್ಕ್ (ಬಿಗಿಯುವ ಬಲ) ಅಂಕಿಯಿದ್ದರೆ ಅದನ್ನೇ ಪಾಲಿಸಿ. ಇಲ್ಲದಿದ್ದರೆ ಆಪ್ಟಿಕ್ ಸ್ಕ್ರೂಗೆ 12 ಇಂಚ್-ಪೌಂಡ್, ಅಂದರೆ ಸುಮಾರು 1.36 ನ್ಯೂಟನ್ ಮೀಟರ್. ಟ್ರಿಜಿಕಾನ್ ಕಂಪನಿ ತನ್ನ ಆರ್‌ಎಂಆರ್ ಆಪ್ಟಿಕ್‌ಗೆ ಹೇಳುವುದೂ ಅಷ್ಟೇ. ಕಾರಿನ ರೆಂಚ್ ಫುಟ್-ಪೌಂಡ್ ಲೆಕ್ಕದ್ದು, ಅದರಲ್ಲಿ 12 ಇಟ್ಟರೆ ಹನ್ನೆರಡು ಪಟ್ಟು ಬಲ ಬಿದ್ದು ಸ್ಕ್ರೂ ತಲೆಯೇ ಕಿತ್ತುಬರುತ್ತದೆ. ಎರಡು ಸ್ಕ್ರೂಗಳನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪ ಬಿಗಿಯಿರಿ. ಆಮೇಲೆ 24 ಗಂಟೆ ಮುಟ್ಟಬೇಡಿ. ಕೊನೆಗೆ ಸ್ಕ್ರೂ ತಲೆಯಿಂದ ಆಪ್ಟಿಕ್ ಮೈಗೆ ದಾಟುವಂತೆ ಪೇಂಟ್ ಪೆನ್ನಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ತುಂಡಾದರೆ ಸ್ಕ್ರೂ ತಿರುಗಿದೆ ಎಂದರ್ಥ.

ಇನ್ನೊಂದು: 507ಸಿ, ಆರ್‌ಎಂಆರ್ ಮಾದರಿಯ ಪ್ಲೇಟ್‌ಗಳಲ್ಲಿ ಸಾಮಾನ್ಯವಾಗಿ 6-32 ಎಂಬ ಇಂಚಿನ ಅಳತೆಯ ಥ್ರೆಡ್ ಇರುತ್ತದೆ. ಮೂರೂವರೆ ಮಿಲಿಮೀಟರ್‌ನ ಮೆಟ್ರಿಕ್ ಸ್ಕ್ರೂ ನೋಡಲು ಅಷ್ಟೇ ದಪ್ಪ. ಒಂದೆರಡು ಸುತ್ತು ಹೋಗಿ ಸಿಕ್ಕಿಕೊಳ್ಳುತ್ತದೆ, ಬಲವಂತ ಮಾಡಿದರೆ ಪ್ಲೇಟ್ ಹಾಳು.

ಡಲ್ಲಾಸ್_ಕನ್ನಡಿಗ:
ಧನ್ಯವಾದ ಇಬ್ಬರಿಗೂ. ಟಾರ್ಚ್ ಬಿಟ್ಟು ನೋಡಿದೆ, ಬಲ ಸ್ಕ್ರೂ ತುದಿ ಕೊಳವೆಯೊಳಗೆ ಸ್ಪಷ್ಟವಾಗಿ ಕಾಣುತ್ತಿದೆ. ಎಂಒಎಸ್ ಅಲ್ಲದ ಇನ್ನೊಂದು ಗ್ಲಾಕ್ ಇದೆ. ಅದರ ಹಿಂದಿನ ಸೈಟ್ ಕೂರುವ ಡವ್‌ಟೇಲ್‌ಗೆ (ಸ್ಲೈಡ್ ಮೇಲಿನ ಓರೆ ಅಂಚಿನ ಗಾಡಿಗೆ) ಹಾಕುವ ಆಪ್ಟಿಕ್ ಮೌಂಟ್ ಆಗುತ್ತದೆಯೇ?

ಸ್ಲೈಡ್_ಮೇಷ್ಟ್ರು:
ಆಗುತ್ತದೆ, ಆದರೆ ಅದು ಕೊನೆಯ ಆಯ್ಕೆ ಎನ್ನುವುದೇ ನನ್ನ ಅಭಿಪ್ರಾಯ. ಹಿಂದಿನ ಸೈಟ್ ತೆಗೆಯಬೇಕು, ಆಪ್ಟಿಕ್ ಎತ್ತರಕ್ಕೆ ಕೂರುತ್ತದೆ, ಇಡೀ ಭಾರ ಒಂದೇ ಡವ್‌ಟೇಲ್ ಮೇಲೆ ಬೀಳುತ್ತದೆ. ಖರ್ಚಾದರೂ ಸ್ಲೈಡನ್ನು ಮಿಲ್ ಮಾಡಿಸಿದರೆ (ಯಂತ್ರದಲ್ಲಿ ಕೊರೆಸಿದರೆ) ಆಪ್ಟಿಕ್ ತಗ್ಗಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ.

ಕ್ಯಾರಿ_ಆಪ್ಟಿಕ್ಸ್_ಹುಡುಗ:
ಸ್ಕ್ರೂ ಸರಿಯಾದ ಮೇಲೆ ಝೀರೋ ಮತ್ತೆ ಮಾಡಬೇಕು. 507ಸಿಯಲ್ಲಿ ಒಂದು ಕ್ಲಿಕ್ ಅಂದರೆ 1 ಎಂಒಎ (ಕೋನದ ಅಳತೆ, ಡಿಗ್ರಿಯ 60ನೇ ಒಂದು ಭಾಗ): 25 ಗಜದಲ್ಲಿ ಸುಮಾರು ಕಾಲು ಇಂಚು, 10 ಗಜದಲ್ಲಿ ಇಂಚಿನ ಹತ್ತನೇ ಒಂದು ಭಾಗ. ಗುಂಡು 25 ಗಜದಲ್ಲಿ 2 ಇಂಚು ಎಡಕ್ಕೆ ಬಿದ್ದರೆ ಬಲಕ್ಕೆ 8 ಕ್ಲಿಕ್. ಅದೇ 2 ಇಂಚು 10 ಗಜದಲ್ಲಾದರೆ 19. ಮೊದಲು 10 ಗಜದಲ್ಲಿ ಒರಟಾಗಿ ಹೊಂದಿಸಿ, ಆಮೇಲೆ ಮರಳಿನ ಚೀಲದ ಮೇಲೆ ಕೈ ಊರಿ 25ರಲ್ಲಿ ಐದೈದು ಗುಂಡಿನ ಗುಂಪು ನೋಡಿ. ಒಂದು ಗುಂಡು ನೋಡಿ ಕ್ಲಿಕ್ ತಿರುಗಿಸಬೇಡಿ, ಗುಂಪಿನ ನಡುವನ್ನೇ ಲೆಕ್ಕ ಹಿಡಿಯಿರಿ.

507ಸಿಯ ಬ್ಯಾಟರಿ ಸಿಆರ್1632, ಪಕ್ಕದ ಟ್ರೇನಲ್ಲಿ ಕೂರುತ್ತದೆ. ಅದನ್ನು ಬದಲಿಸಲು ಆಪ್ಟಿಕ್ ಬಿಚ್ಚುವ ಅಗತ್ಯವಿಲ್ಲ. ಆರ್‌ಎಂಆರ್ ಟೈಪ್ 2ರಲ್ಲಿ ಬ್ಯಾಟರಿ ಅಡಿಯಲ್ಲಿರುವುದರಿಂದ ಬಿಚ್ಚಲೇಬೇಕು. ಆಗ ಹಳೆಯ ಲೋಕ್‌ಟೈಟ್ ಪುಡಿಯನ್ನು ಥ್ರೆಡ್‌ನಿಂದ ಪೂರ್ತಿ ಕೆರೆದು ತೆಗೆದು ಹೊಸದಾಗಿ ಹಚ್ಚಿ, ಇಲ್ಲದಿದ್ದರೆ ರೆಂಚ್ ತೋರಿಸುವ ಅಂಕಿ ಸುಳ್ಳಾಗುತ್ತದೆ.